ಗಂಡಂದಿರ ಮಾತು ಕೇಳುವ ಗೇಟಿನ ಮಶಾಕಸಾಬ

ನವಲಗುಂದದ ಹುಬ್ಬಳ್ಳಿ ರಸ್ತೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಚನ್ನಬಸವ್ವ ಸ್ಮಾರಕ ಆಸ್ಪತ್ರೆಯ ಕಬ್ಬಿಣದ ಗೇಟು ಕಿರ್ರೆಂದು ತೆರೆಯುತ್ತದೆ. ಖಾಕಿ ಅಂಗಿ, ಬಿಳಿ ಪಾಯಿಜಾಮ, ತಲೆಗೊಂದು ಟೊಪ್ಪಿಗೆ ಹಾಕಿಕೊಂಡ ಮಶಾಕಸಾಬ ನದಾಫ ಗೇಟಿನ ಬಾಜುವಿನ ಬೇವಿನ ಗಿಡದ ಬುಡ ಗುಡಿಸುತ್ತಾರೆ. ಬಲಗೈಗೆ ಎರಡು ಬೆರಳಿಲ್ಲ. ಉಳಿದ ಮೂರರಲ್ಲೇ ಕೊಡ ಎತ್ತಿ ನೀರು ಹೊಡೆಯುತ್ತಾರೆ, ಗಿಡದ ಕೆಳಗಿನ ಎರಡು ಹಾಸುಗಲ್ಲುಗಳನ್ನು ಒದ್ದೆ ಅರಿವೆಯಿಂದ ಒರೆಸುತ್ತಾರೆ. ಇಂದು ಗುರುವಾರ. ವಾರದಲ್ಲಿ ಸೋಮವಾರ ಮತ್ತು ಗುರುವಾರ ಈ ಕಲ್ಲುಗಳಿಗೆ ಪುರಸೊತ್ತಿರುವುದಿಲ್ಲ.

ಆರೂವರೆಯ ಬಸ್ಸಿನಿಂದ ಒಂದು ಜೋಡಿ ಇಳಿಯುತ್ತದೆ. ಹೆಂಗಸು ತಲೆ ಮೇಲೆ ಸೆರಗು ಹೊದ್ದು ಮುಂದೆ ಬರುತ್ತಿದ್ದಾಳೆ. ಗಂಡ ಹತ್ತು ಹೆಜ್ಜೆ ಹಿಂದೆ, ಕೈಯಲ್ಲಿ ಚೀಲ, ಕಣ್ಣು ರಸ್ತೆಯ ಆಚೆ. ಮಶಾಕಸಾಬರಿಗೆ ಇವರು ಯಾತಕ್ಕೆ ಬಂದಿದ್ದಾರೆಂದು ಕೇಳುವ ಅಗತ್ಯವಿಲ್ಲ.

"ಹಡ್ಯಾಕ ಬಂದವರ ಕೂಡ ಅತ್ತಿ, ಅವ್ವ, ಚಿಕ್ಕವ್ವ, ಅರ್ಧಾ ಓಣಿನ ಬರತೈತ್ರಿ. ಬಸುರು ಇಳಸಾಕ ಬಂದವರ ಕೂಡ ಯಾರೂ ಇರೂದಿಲ್ಲ. ಗಂಡಾ ಹೆಂಡ್ತಿ ಇಬ್ಬರ ಬರತಾರ. ಅದೂ ಒಬ್ಬರಿಗೊಬ್ಬರು ಗುರ್ತ ಇಲ್ಲದವರಂಗ," ಎನ್ನುತ್ತಾರೆ ಅವರು.

ಹೆಂಗಸನ್ನು ಪಡಸಾಲೆಯವರೆಗೆ ಕರೆದೊಯ್ದು ನರ್ಸ್ ಕಸ್ತೂರೆವ್ವನವರ ಕೈಗೆ ಒಪ್ಪಿಸುತ್ತಾರೆ. ಹೊರಳಿ ಬಂದು ಗಂಡನನ್ನು ಹಾಸುಗಲ್ಲಿನ ಮೇಲೆ ಕೂಡಿಸುತ್ತಾರೆ. ಒಂದು ಕಪ್ಪು ಚಹಾ ಕೊಡುತ್ತಾರೆ. ಆಮೇಲೆ ಅರ್ಧ ತಾಸು ಮಾತು ನಡೆಯುವುದು ಹೆಸರು ಬೆಳೆಯ ಬಗ್ಗೆ, ಅಣ್ಣಿಗೇರಿ ಸಂತೆಯ ಉಳ್ಳಾಗಡ್ಡಿಯ ಬಗ್ಗೆ, ಆತನ ಎತ್ತಿನ ಕಾಲುಬೇನೆಯ ಬಗ್ಗೆ. ಒಳಗೆ ನಡೆಯುತ್ತಿರುವುದರ ಸುದ್ದಿಯೇ ಇಲ್ಲ. ಕಡೆಗೆ ಗಂಡನೇ ಕಪ್ಪು ಕೆಳಗಿಟ್ಟು, ನೆಲ ನೋಡುತ್ತ ಕೇಳುತ್ತಾನೆ:

"ಆಕೀಗೆ ಏನೂ ಆಗೂದಿಲ್ಲಲ್ರಿ, ಕಾಕಾ?"

ಮಶಾಕಸಾಬ ಕಾಯುತ್ತಿದ್ದದ್ದು ಇದೊಂದು ಪ್ರಶ್ನೆಗೆ.

"ಡಾಕ್ಟರ್ ಬಾಯಾರ ಕೈ ಚಲೋ ಐತಿ, ಅಂಜಬ್ಯಾಡ. ಮಧ್ಯಾಹ್ನಕ್ಕ ಎದ್ದು ಗಂಜಿ ಕುಡೀತಾಳ, ಸಂಜಿ ಬಸ್ಸಿಗೆ ಇಬ್ಬರೂ ಊರಿಗೆ ಹೋಗ್ತೀರಿ. ಆದ್ರ ತಮ್ಮಾ, ಊರಿಗೆ ಹೋದ ಮ್ಯಾಲ ಏನು?"

"ಏನಂದ್ರ? ಆಕಿ ಮುಂದಿನ ಸಲ ಹೊರಗ ಕುಂದ್ರೂತನಕ ಏನೂ ಆಗೂದಿಲ್ಲಲ್ರಿ."

"ಅದ ತಪ್ಪು. ಹದಿನೈದು ದಿನದಾಗ ಮತ್ತ ಹೊಟ್ಟಿ ನಿಲ್ಲಬಹುದು. ಮುಟ್ಟಿನ ಹಾದಿ ಕಾಯಕೋಂತ ಕುಂತ್ರ ಮತ್ತ ಇದ ಕಲ್ಲಿನ ಮ್ಯಾಲ ಬಂದು ಕುಂದ್ರತೀ."

ಗಂಡ ತಲೆ ಎತ್ತುತ್ತಾನೆ. "ಇದನ್ನ ಯಾರೂ ಹೇಳೇ ಇಲ್ರಿ."

"ಈಗ ನಾ ಹೇಳಿದ್ನಲ್ಲ," ಎಂದು ಮಶಾಕಸಾಬ ಬಗಲಲ್ಲಿದ್ದ ತಗಡಿನ ಡಬ್ಬಿ ತೆರೆಯುತ್ತಾರೆ.

ಡಬ್ಬಿಯಲ್ಲಿ ಬಸುರು ನಿಲ್ಲದಂತೆ ಹೆಂಗಸರು ಗರ್ಭದ ಚೀಲದೊಳಗೆ ಹಾಕಿಸಿಕೊಳ್ಳುವ ವಂಕಿ ಇದೆ, ತಾಮ್ರದ ತಂತಿ ಸುತ್ತಿದ ಹೊಸ ನಮೂನೆಯದೂ ಇದೆ. ನಿರೋಧದ ಪೊಟ್ಟಣ, ಇಪ್ಪತ್ತೆಂಟು ಗುಳಿಗೆಯ ಪಟ್ಟಿ ಇವೆ. ಎಲ್ಲವನ್ನೂ ಗಂಡಸರ ಅಂಗೈಗೆ ಕೊಟ್ಟು, ಮುಟ್ಟಿ ನೋಡಲು ಹೇಳುತ್ತಾರೆ. ಒಮ್ಮೆ ಮುಟ್ಟಿ ನೋಡಿದ್ದರ ಅಂಜಿಕೆ ಉಳಿಯುವುದಿಲ್ಲ ಎಂಬುದು ಅವರ ಅನುಭವ. ಇದೇ ಹೊತ್ತಿಗೆ ಒಳಗೆ ಕಸ್ತೂರೆವ್ವನವರು ಹೆಂಡತಿಗೆ ಇದೇ ಸಾಮಾನು ತೋರಿಸಿ ಇದೇ ಮಾತು ಹೇಳುತ್ತಿರುತ್ತಾರೆ. ಊರಿಗೆ ಹೊರಡುವ ಮುಂಚೆ ಗಂಡ ಹೆಂಡತಿಯನ್ನು ಪಡಸಾಲೆಯಲ್ಲಿ ಒಟ್ಟಿಗೆ ಕೂಡಿಸುತ್ತಾರೆ. ಮೊದಲು ಮಾತಾಡುವವಳು ಹೆಂಡತಿ. ಇದು ಈ ಆಸ್ಪತ್ರೆಯ ಪದ್ಧತಿ. ಗರ್ಭ ತೆಗೆಸಲು ಬಂದವರನ್ನು ತೆಗೆದು ಕಳಿಸಿಬಿಟ್ಟರೆ ಅರ್ಧ ಕೆಲಸ, ಮುಂದಿನ ದಾರಿ ಹೇಳಿ ಕಳಿಸಿದರೆ ಪೂರ್ತಿ ಕೆಲಸ ಎಂದು ವೈದ್ಯೆ ಡಾ. ನೀಲಾಂಬಿಕಾ ಹೊಸಕೇರಿ ನಂಬಿದ್ದಾರೆ. ಆ ಪೂರ್ತಿ ಕೆಲಸದ ಒಂದು ತುದಿ ಗೇಟಿನವನ ಕೈಯಲ್ಲಿದೆ ಎಂಬುದು ಹೊರಗಿನ ಬಹಳ ಜನಕ್ಕೆ ಗೊತ್ತಿಲ್ಲ.

ಮಶಾಕಸಾಬರಿಗೆ ಈಗ ನಲವತ್ತೆಂಟು. ಮನೆತನದ ಕೆಲಸ ಹತ್ತಿ ಹಿಂಜಿ ಗಾದಿ ಕಟ್ಟುವುದು. ತಂದೆ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಹಳ್ಳಿ ಹಳ್ಳಿ ತಿರುಗಿದವರು. ಮಗ ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ತಿರುಗಾಟ ಸಾಕೆಂದು ಅಣ್ಣಿಗೇರಿಯ ಹತ್ತಿ ಜಿನ್ನೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಹನ್ನೊಂದು ಹಂಗಾಮು ದುಡಿದರು. ಹನ್ನೆರಡನೆಯದರಲ್ಲಿ ಯಂತ್ರ ಎರಡು ಬೆರಳು ತೆಗೆದುಕೊಂಡಿತು. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಈ ಆಸ್ಪತ್ರೆಗೆ ಎರಡು ತಿಂಗಳು ಬಂದು ಹೋದವರು, ಗಾಯ ಮಾಯುವ ಹೊತ್ತಿಗೆ ಇಲ್ಲಿಯೇ ಗೇಟಿನ ಕೆಲಸಕ್ಕೆ ನಿಂತರು. ಅದಕ್ಕೆ ಈಗ ಹದಿನೈದು ವರ್ಷ. ಮನೆಯಲ್ಲಿ ಹೆಂಡತಿ ಜೈನಬಿ ಜಮಖಾನೆ ನೇಯುತ್ತಾರೆ. ಗಂಡನ ಬೆರಳು ಹೋದಾಗ ಮನೆ ನಡೆದದ್ದು ಅವರ ಮಗ್ಗದಿಂದ.

ಗೇಟಿನಲ್ಲಿ ನಿಂತವನಿಗೆ ಊರಿನ ಸುಖದುಃಖ ಎಲ್ಲರಿಗಿಂತ ಮೊದಲು ಕಾಣುತ್ತದೆ. ಗರ್ಭ ತೆಗೆಸುವುದಕ್ಕೆ ಕಾಯ್ದೆಯ ಒಪ್ಪಿಗೆ ಇಲ್ಲದಿದ್ದ ವರ್ಷಗಳನ್ನು ಮಶಾಕಸಾಬ ಮರೆತಿಲ್ಲ.

"ಆವಾಗ ಹೆಣ್ಣಮಕ್ಕಳು ಚಕ್ಕಡ್ಯಾಗ ಮಲಕೊಂಡು ಬರತಿದ್ರು. ಊರಾಗಿನ ಯಾರೋ ಮುದುಕಿ ಬಸುರು ಇಳಸಾಕ ಕಡ್ಡಿ ಹಾಕಿರತಿದ್ಲು. ನಾ ಗೇಟ್ ತಗೀತಿದ್ದೆ, ಚಕ್ಕಡಿ ಒಳಗ ಹೋಗತಿತ್ತು. ಹಾದಿ ತುಂಬ ರಕ್ತ. ಕೊಡ ತಂದು ನಾನ ತೊಳೀತಿದ್ದೆ. ಕೆಲವರು ಅದ ಚಕ್ಕಡ್ಯಾಗ ವಾಪಸ್ ಹೋದ್ರು, ಮಾರಿ ಮುಚಗೊಂಡು." ಆಮೇಲೆ, "ಕಾಯ್ದೆ ಬಂದ ಮ್ಯಾಲ ಆ ಹೆಣ್ಣಮಕ್ಕಳು ನಡಕೊಂಡು ಬರಾಕತ್ತಿದ್ರು. ನಡಕೊಂಡು ಹೋಗಾಕತ್ತಿದ್ರು. ನಂಗ ಅದ ದೊಡ್ಡದು ಅನಸ್ತಿತ್ರಿ," ಎನ್ನುತ್ತಾರೆ.

ಕಾಯ್ದೆ ಜಾರಿಗೆ ಬಂದ ಮರುವರ್ಷ, ೧೯೭೩ರಲ್ಲಿ, ಈ ಆಸ್ಪತ್ರೆಗೆ ಗರ್ಭಪಾತ ಮಾಡುವ ಅನುಮತಿ ಸಿಕ್ಕಿತು. ಕಸ್ತೂರೆವ್ವನವರು ಬಂದ ಪ್ರತಿಯೊಬ್ಬಳಿಗೂ ವಂಕಿಯ ವಿಷಯ ಹೇಳುತ್ತಿದ್ದರು. ಹೆಂಗಸರು ಹೂಂ ಎನ್ನುತ್ತಿದ್ದರು. ಗಂಡನನ್ನು ಕೇಳಿ ಬರುತ್ತೇನೆಂದು ಗೇಟಿನವರೆಗೆ ಹೋಗಿ, ಬೇಡವೆಂದು ಹೊರಳಿ ಬರುತ್ತಿದ್ದರು. ಐದಾರು ತಿಂಗಳಿಗೆ ಮತ್ತೆ ಅದೇ ಹೆಂಗಸು, ಅದೇ ಪಡಸಾಲೆ. ಒಂದು ದಿನ ಮೊರಬದ ಕಡೆಯ ಹೆಣ್ಣುಮಗಳೊಬ್ಬಳು ಹದಿನಾಲ್ಕು ತಿಂಗಳಲ್ಲಿ ಮೂರನೆಯ ಸಲ ಬಂದು ನಿಂತಳು. ಮೈಯಲ್ಲಿ ರಕ್ತವೇ ಇಲ್ಲ, ಕಣ್ಣು ಬೆಳ್ಳಗೆ. ಡಾಕ್ಟರು ಪಡಸಾಲೆಯಲ್ಲೇ ಆಕೆಯ ಮೇಲೆ ಸಿಟ್ಟು ಮಾಡಿದರು. ಆಕೆ ಅಳಲಿಲ್ಲ, ಸೆರಗಿನ ತುದಿ ಸುತ್ತುತ್ತ ನಿಂತಳು.

ಅಂದು ಸಂಜೆ ಮಶಾಕಸಾಬ ಟೊಪ್ಪಿಗೆ ಕೈಯಲ್ಲಿ ಹಿಡಿದು ಡಾಕ್ಟರ ಖೋಲಿಯ ಬಾಗಿಲಲ್ಲಿ ನಿಂತರು.

"ಬಾಯಾರ, ಒಂದ ಮಾತು ಹೇಳ್ಲೇನ್ರಿ? ತಪ್ಪು ಆಕೀದಲ್ರಿ."

"ಮತ್ತ ಯಾರದು?"

"ಆಕಿ ಗಂಡನೂ ಕೆಟ್ಟವನಲ್ರಿ. ಅಂವಗ ಯಾರೋ ಹೇಳ್ಯಾರ, ವಂಕಿ ಹಾಕಿಸ್ಕೊಂಡ್ರ ಅದು ಎದಿಗೆ ಏರತೈತಿ, ಹೆಂಡ್ತಿ ಸಾಯತಾಳ ಅಂತ. ಅಂವ ಹೆಂಡ್ತಿ ಉಳೀಲಿ ಅಂತ ಬ್ಯಾಡ ಅಂದಾನ. ಗಿಡದ ಕೆಳಗ ಗಂಡಸರು ಇದನ್ನ ದಿನಾ ಮಾತಾಡ್ತಾರ್ರಿ. ನೀವು ಒಳಗ ಅರ್ಧಾ ತಾಸು ಹೇಳಿದ್ದನ್ನ ಅವರು ಹೊರಗ ಒಂದ ಮಾತಿನ್ಯಾಗ ಕೆಡಸ್ತಾರ."

ಡಾ. ನೀಲಾಂಬಿಕಾ ಕೈಯಲ್ಲಿದ್ದ ಕಾಗದ ಬದಿಗಿಟ್ಟರು. "ಹಂಗಾದ್ರ ನೀನ ಹೇಳು ಅವರಿಗೆ," ಎಂದರು.

"ನಾ ಗೇಟಿನವರಿ."

"ಅದಕ್ಕ."

ಮೂರು ಮಧ್ಯಾಹ್ನ ಕಸ್ತೂರೆವ್ವನವರು ಅವರಿಗೆ ಪಾಠ ಹೇಳಿದರು. ಮಣ್ಣಿನ ಕುಡಿಕೆಯೊಂದನ್ನು ಬೋರಲು ಹಾಕಿ, ಇದು ಗರ್ಭದ ಚೀಲ, ಇದರ ಮೇಲೆ ದಾರಿಯಿಲ್ಲ, ವಂಕಿ ಇಲ್ಲಿಯೇ ಕೂಡುತ್ತದೆ, ಎದೆಗೆ ಹೋಗಲು ರಸ್ತೆಯೇ ಇಲ್ಲ ಎಂದು ತೋರಿಸಿದರು. ವಂಕಿಯಿಂದ ಕೆಲವರಿಗೆ ಮುಟ್ಟು ಹೆಚ್ಚು ಹೋಗುವುದೂ ನಿಜ, ಅದನ್ನು ಮುಚ್ಚಿಡಬಾರದು ಎಂದೂ ಹೇಳಿದರು. ಒಬ್ಬ ಪರ ಹೆಂಗಸಿನ ಮುಂದೆ ಕುಳಿತು ಇಂಥ ಮಾತು ಕೇಳಿ ಮಶಾಕಸಾಬರ ಕಿವಿ ಕೆಂಪಾದವು. "ಮೊದಲನೇ ದಿನ ನಾ ಕುಡಿಕಿ ಬಿಟ್ಟು ಮಾರಿ ಮ್ಯಾಲ ಎತ್ತಲಿಲ್ರಿ," ಎಂದು ಈಗ ನಗುತ್ತಾರೆ. ಕಸ್ತೂರೆವ್ವನವರೂ ನಗುತ್ತಾರೆ: "ಮೂರನೇ ದಿನ ನನಗ ತಿರುಗಿ ಪ್ರಶ್ನಿ ಕೇಳಾಕತ್ತಿದ್ರು. ಒಂದೆರಡಕ್ಕ ನನಗ ಉತ್ತರ ಬರಲಿಲ್ಲ, ಬಾಯಾರನ್ನ ಕೇಳಿ ಬಂದೆ."

ಶುರುವಿಗೆ ಎಲ್ಲ ಎಡವಟ್ಟೇ. ಮೊದಲ ಗಂಡಸು, ಈತ ಏನೋ ಮಾರಲು ಬಂದಿದ್ದಾನೆಂದು ತಿಳಿದು ಎದ್ದು ಹೋದ. ಇನ್ನೊಬ್ಬ ನಿರೋಧದ ಪೊಟ್ಟಣವನ್ನು ಮಕ್ಕಳ ಪುಗ್ಗೆಯೆಂದು ತಿಳಿದು ಜೇಬಿಗಿಟ್ಟ. ಮತ್ತೊಬ್ಬ ಎಲ್ಲ ಕೇಳಿ, ಎಲೆ ಅಡಿಕೆ ಉಗುಳಿ ಬಂದು, ನಾಲ್ಕು ಜನರ ಮುಂದೆ ಕೇಳಿದ: "ಅಲ್ಲೋ ಸಾಬಾ, ನಮಗ ಇಷ್ಟ ಹೇಳ್ತೀ. ನಿನ್ನ ಮನ್ಯಾಗ ಏನ ಮಾಡೀ?"

ಮಶಾಕಸಾಬ ಏನೂ ಮಾಡಿರಲಿಲ್ಲ. ನಾಲ್ಕು ಮಕ್ಕಳಿದ್ದವು. ಸುಳ್ಳು ಹೇಳಲು ಮನಸ್ಸಾಗದೆ, "ಏನೂ ಮಾಡಿಲ್ಲ" ಎಂದರು. ಗಂಡಸರೆಲ್ಲ ಗೊಳ್ಳೆಂದು ನಕ್ಕರು.

ಮನೆಗೆ ಹೋದಾಗ ಜೈನಬಿ ಮಗ್ಗದ ಮುಂದೆ ಕುಳಿತಿದ್ದರು. ಗಂಡ ಅಂಗಳದಲ್ಲೇ ಕುಳಿತು ನಡೆದದ್ದನ್ನೆಲ್ಲ ಹೇಳಿ, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರು. ಜೈನಬಿ ಎಳೆ ಕೈಬಿಡದೆ, "ಲಗ್ನ ಆಗಿ ಹದಿನೆಂಟು ವರ್ಷಕ್ಕ ಇವತ್ತ ಕೇಳಾಕತ್ತೀರಿ," ಎಂದರು. ಮೂರನೆಯ ಕೂಸಿನ ಹೊತ್ತಿಗೇ ಸಾಕು ಅನ್ನಿಸಿತ್ತು, ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಮಗ್ಗದ ಮುಂದೆ ಕುಳಿತು ಎಷ್ಟೋ ದಿನ ಅತ್ತಿದ್ದೆ, ನೀವು ಬರುವ ಹೊತ್ತಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದೆ ಎಂದರು. ಮಶಾಕಸಾಬರಿಗೆ ಇದು ಹೊಸ ಸುದ್ದಿ. ಒಂದೇ ಛಾವಣಿಯ ಕೆಳಗೆ ಇಷ್ಟು ವರ್ಷ ಬಾಳಿ, ಹೊರಗಿನ ಗಂಡಸರಿಗೆ ಬುದ್ಧಿ ಹೇಳಲು ಹೊರಟವನಿಗೆ ತನ್ನ ಮನೆಯ ಮಾತೇ ಗೊತ್ತಿರಲಿಲ್ಲ ಎಂದು ಬಹಳ ನಾಚಿಕೆಯಾಯಿತು.

ಇಬ್ಬರೂ ಒಂದು ತಿಂಗಳು ವಿಚಾರ ಮಾಡಿದರು. ೧೯೭೪ರ ಬೇಸಗೆಯಲ್ಲಿ ಮಶಾಕಸಾಬ ತಾವೇ ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡರು. ಮೂರನೆಯ ದಿನ ಗೇಟಿಗೆ ಬಂದು ನಿಂತರು. ಓಣಿಯ ಹಿರಿಯರೊಬ್ಬರು ಎರಡು ತಿಂಗಳು ಅವರ ಕೂಡ ಮಾತು ಬಿಟ್ಟಿದ್ದರು. ಮೂರನೆಯ ತಿಂಗಳು ಅದೇ ಹಿರಿಯರು ಸಂಜೆ ಬಾಗಿಲಿಗೆ ಬಂದು, ತಮ್ಮ ಸೊಸೆಗೆ ಮೇಲಿಂದ ಮೇಲೆ ಹೆರಿಗೆಯಾಗಿ ನಿತ್ರಾಣವಾಗಿದೆ, ಏನು ಮಾಡಬೇಕೆಂದು ಮೆಲ್ಲಗೆ ಕೇಳಿದರು.

ಆ ಮೇಲೆ ಗಿಡದ ಕೆಳಗೆ ನಗುವವರು ಕಡಿಮೆಯಾದರು. ಮಶಾಕಸಾಬರ ಮಾತಿನ ರೀತಿಯೂ ಬದಲಾಯಿತು. ಮೊದಲು ಪಾಠ ಒಪ್ಪಿಸುತ್ತಿದ್ದವರು, ಈಗ ಮೊದಲು ಕೇಳತೊಡಗಿದರು. "ನಿನ್ನ ಹೆಂಡತಿಗೆ ಏನು ಬೇಕಂತ ಕೇಳೀಯೇನು?" ಎಂಬುದು ಅವರ ಪ್ರಶ್ನೆಯಾಯಿತು. ಹತ್ತರಲ್ಲಿ ಎಂಟು ಜನ ಕೇಳಿರುವುದಿಲ್ಲ. "ಹೆಂಡ್ತಿ ಕೂಡ ಏನ್ ಮಾತಾಡೂದ್ರಿ?" ಎನ್ನುವವರಿಗೆ ಅವರು ಸಿಟ್ಟಾಗುವುದಿಲ್ಲ. "ನಾನೂ ಹದಿನೆಂಟು ವರ್ಷ ಕೇಳಿರಲಿಲ್ಲಪಾ," ಎನ್ನುತ್ತಾರೆ. ಒಳಗಿನ ಒಪ್ಪಿಗೆ ಕಾಗದಕ್ಕೆ ಗಂಡನ ಸಹಿ ಬೇಕಿಲ್ಲ, ಪ್ರಾಯಕ್ಕೆ ಬಂದ ಹೆಂಗಸಿನ ಸಹಿಯೇ ಸಾಕು ಎಂಬುದನ್ನೂ ಸ್ಪಷ್ಟವಾಗಿ ಹೇಳುತ್ತಾರೆ. ಕೆಲವರಿಗೆ ಅದು ಹಿಡಿಸುವುದಿಲ್ಲ. "ಹಿಡಸಲಿಲ್ಲಂದ್ರೂ ಕಾಯ್ದೆ ಅದ ಐತ್ರಿ. ನಾ ಏನು ಮಾಡ್ಲಿ?"

ಕಷ್ಟದ ಕಾಲ ಬಂದದ್ದು ೧೯೭೬ರಲ್ಲಿ. ತುರ್ತು ಪರಿಸ್ಥಿತಿಯ ದಿನಗಳು. ಇಂತಿಷ್ಟು ಆಪರೇಶನ್ ಆಗಲೇಬೇಕೆಂದು ಮೇಲಿನಿಂದ ಲೆಕ್ಕ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಒಬ್ಬ ಅಧಿಕಾರಿ ಆಸ್ಪತ್ರೆಗೆ ಬಂದು, ಎರಡು ಮಕ್ಕಳಿರುವ ಯಾವ ಹೆಂಗಸು ಗರ್ಭ ತೆಗೆಸಲು ಬಂದರೂ ಗಂಡ ಅಥವಾ ಹೆಂಡತಿ ಆಪರೇಶನ್ನಿಗೆ ಒಪ್ಪಿದ ಮೇಲೆಯೇ ಕೆಲಸ ಮಾಡಿ ಎಂದು ಹೇಳಿದರು. ಕಾಯ್ದೆಯಲ್ಲಿ ಹಾಗೆಂದು ಎಲ್ಲಿಯೂ ಬರೆದಿಲ್ಲವೆಂದು ಡಾ. ನೀಲಾಂಬಿಕಾ ಒಪ್ಪಲಿಲ್ಲ. ಮರುದಿನದಿಂದ ಗೇಟಿನ ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಒಂದು ಸರಕಾರಿ ಜೀಪು ಬಂದು ನಿಲ್ಲತೊಡಗಿತು. ಒಳಗೆ ಕುಳಿತ ಇಬ್ಬರು ಬಂದ ಬಂದ ಗಂಡಸರನ್ನು ಕರೆದು, ಎಷ್ಟು ಮಕ್ಕಳು, ಯಾವ ಊರು ಎಂದು ವಿಚಾರಿಸುತ್ತಿದ್ದರು. ಗಂಡಸರನ್ನು ಹಿಡಿದು ಆಪರೇಶನ್ ಮಾಡುತ್ತಾರೆಂಬ ಸುದ್ದಿ ಎರಡು ದಿನಕ್ಕೆ ಹಳ್ಳಿಗಳಿಗೆ ಮುಟ್ಟಿತು. ಮೂರನೆಯ ದಿನ ಹಾಸುಗಲ್ಲುಗಳು ಖಾಲಿ.

ಆ ದಿನ ಗುರುವಾರವೇ. ಬೆಳಗಿನ ಬಸ್ಸಿನಿಂದ ಒಂದು ಜೋಡಿ ಇಳಿದದ್ದನ್ನು ಮಶಾಕಸಾಬ ಗೇಟಿನಿಂದ ಕಂಡರು. ಗಂಡ ಜೀಪು ನೋಡಿದ. ಹೆಂಡತಿಯ ಕೈ ಹಿಡಿದು ರಸ್ತೆಯ ಆ ಬದಿಗೆ ಎಳೆದ. ಆಕೆ ಹೊರಳಿ ಆಸ್ಪತ್ರೆಯ ಕಡೆಗೆ ಒಮ್ಮೆ ನೋಡಿದಳು. ಅಷ್ಟರಲ್ಲಿ ವಾಪಸು ಹೋಗುವ ಬಸ್ಸು ಬಂತು, ಇಬ್ಬರೂ ಹತ್ತಿಬಿಟ್ಟರು.

"ಆ ಹೆಣ್ಣಮಗಳು ನೋಡಿದ್ದು ನಂಗ ನಿಂದ್ರಾಕ ಬಿಡಲಿಲ್ರಿ," ಎನ್ನುತ್ತಾರೆ ಮಶಾಕಸಾಬ. "ಇಲ್ಲಿ ಆಗಲಿಲ್ಲಂದ್ರ ಆಕಿ ಎಲ್ಲಿ ಹೋಗತಾಳ ಅನ್ನೂದು ನಂಗ ಗೊತ್ತಿತ್ತಲ್ರಿ."

ಡಾಕ್ಟರಿಗೆ ಹೇಳಿ, ಗೇಟನ್ನು ಅಡಿಗೆಯ ಶರೀಫಸಾಬರಿಗೆ ಒಪ್ಪಿಸಿ ಬಸ್‌ಸ್ಟ್ಯಾಂಡಿಗೆ ಹೋದರು. ಹೋದ ಬಸ್ಸು ಶಲವಡಿಯದೆಂದು ತಿಳಿಯಿತು. ಮಧ್ಯಾಹ್ನದ ಬಸ್ಸಿಗೆ ತಾವೂ ಶಲವಡಿಗೆ ಹೋಗಿ ಇಳಿದರು. ಆದರೆ ಊರಲ್ಲಿ ಯಾರನ್ನು ಏನೆಂದು ಕೇಳುವುದು? ಗರ್ಭ ತೆಗೆಸಲು ಹೋಗಿದ್ದವರ ಮನೆ ಯಾವುದೆಂದು ಕೇಳಿದರೆ ಆ ಹೆಂಗಸಿನ ಮಾನ ಬೀದಿಗೆ ಬಿದ್ದಂತೆ. ಆಗ ಅವರಿಗೆ ತಂದೆಯ ಕೆಲಸ ನೆನಪಾಯಿತು. ಓಣಿ ಓಣಿಯಲ್ಲಿ, "ಗಾದಿ ಕಟ್ಟಸ್ತೀರೇನ್ರಿ, ಹತ್ತಿ ಹಿಂಜಸ್ತೀರೇನ್ರಿ," ಎಂದು ಕೂಗುತ್ತ ಹೊರಟರು. ಬಿಲ್ಲಿಲ್ಲದ ನದಾಫನನ್ನು ನೋಡಿ ಒಬ್ಬ ಮುದುಕಿ, "ಏನ್ ಬಾಯಿಲೆ ಹಿಂಜತೀಯೇನೋ?" ಎಂದು ನಕ್ಕಳು. ಐದನೆಯ ಓಣಿಯಲ್ಲಿ, ಹೊಸ್ತಿಲ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ಹೆಂಗಸು ತಲೆ ಎತ್ತಿದಳು. ಬೆಳಿಗ್ಗೆ ಹೊರಳಿ ನೋಡಿದವಳೇ.

ಆಕೆ ಗುರವ್ವ, ಗಂಡ ಈರಬಸಪ್ಪ. ಎರಡು ಗಂಡುಮಕ್ಕಳು, ಚಿಕ್ಕದಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೂರನೆಯದು ಹೊಟ್ಟೆಯಲ್ಲಿ ಎರಡೂವರೆ ತಿಂಗಳು. ಹಿಂದಿನ ಹೆರಿಗೆಯಲ್ಲಿ ಗುರವ್ವನಿಗೆ ಜೀವ ಹೋಗಿ ಬಂದಂತಾಗಿತ್ತು. ಕಡ್ಡಿ ಹಾಕುವ ಮುದುಕಿಗೆ ಆಗಲೇ ಹೇಳಿ ಕಳಿಸಿದ್ದರು. ಮರುದಿನ ಬರುವವಳಿದ್ದಳು.

ಹಿತ್ತಲಲ್ಲಿ ಈರಬಸಪ್ಪನ ಕೂಡ ಕುಳಿತು ಮಶಾಕಸಾಬ ತಾವು ಯಾರೆಂದು ಹೇಳಿದರು. ಈರಬಸಪ್ಪ ಎದ್ದೇ ನಿಂತ.

"ನನ್ನ ಹಿಡ್ಯಾಕ ಬಂದೀಯೇನು? ನಾ ಬರೂದಿಲ್ಲ. ಹಿಂಗಾರಿ ಬಿತ್ತಿಗಿ ಮುಂದೈತಿ, ನನ್ನ ಕೊಯ್ದು ಮಲಗಿಸಿದ್ರ ಕೂರಿಗಿ ಯಾರು ಹಿಡೀತಾರ?"

"ಕುಂದ್ರಪಾ. ನಾ ಒಬ್ಬನ ಬಂದೇನಿ, ಬಸ್ಸಿಗೆ. ನಾನೂ ಆಪರೇಶನ್ ಮಾಡಿಸ್ಕೊಂಡವನ. ನನ್ನ ಯಾರೂ ಹಿಡದಿಲ್ಲ. ನಮ್ಮಾಕಿ ನಾನು ಒಂದು ತಿಂಗಳು ಮಾತಾಡಿ ಮಾಡಿಸ್ಕೊಂಡೇವಿ. ನಿಂಗ ಬ್ಯಾಡಂದ್ರ ಬ್ಯಾಡ. ಬಾಯಾರೂ ಒತ್ತಾಯ ಮಾಡೂದಿಲ್ಲ."

"ಮತ್ತ ಜೀಪು?"

"ಜೀಪು ಗೇಟಿನ ಹೊರಗಿಂದು. ಗೇಟಿನ ಒಳಗಿಂದು ನಂದು."

ಬಾಗಿಲ ಮರೆಯಲ್ಲಿ ನಿಂತಿದ್ದ ಗುರವ್ವ ಹೊರಗೆ ಬಂದಳು. "ನಾ ದವಾಖಾನಿಗೆ ಹೋಗಾಕಿ. ಮುದುಕಿ ಕಡಿಂದ ಮಾಡಿಸ್ಕೊಳ್ಳಾಕಿ ಅಲ್ಲ. ನಮ್ಮ ದೊಡ್ಡವ್ವನ ಮಗಳು ಹಂಗ ಸತ್ತಾಳ. ನೀವು ಬರ್ರಿ, ಇಲ್ಲಂದ್ರ ಈ ಕಾಕಾನ ಕೂಡ ಹೋಗಾಕಿ," ಎಂದಳು. ಗಂಡ ಅವಳನ್ನು ನೋಡಿದ. ಆಮೇಲೆ ಎತ್ತುಗಳಿಗೆ ಮೇವು ಹಾಕಲು ಎದ್ದ. ಬೆಳಗಿನ ಜಾವಕ್ಕೇ ಚಕ್ಕಡಿ ಕಟ್ಟುತ್ತೇನೆಂದ.

ಶುಕ್ರವಾರ ಮುಂಜಾನೆ ಚಕ್ಕಡಿ ಆಸ್ಪತ್ರೆ ಮುಟ್ಟಿದಾಗ, ಹಿಂದಿನ ಸಂಜೆಯ ಬಸ್ಸಿಗೇ ಮರಳಿದ್ದ ಮಶಾಕಸಾಬ ಗೇಟು ಅಗಲವಾಗಿ ತೆಗೆದು ಕಾಯುತ್ತಿದ್ದರು. ಚಕ್ಕಡಿ ಒಳಗೆ ಬಂದದ್ದೇ ಗೇಟು ಹಾಕಿ ಕೊಂಡಿ ಏರಿಸಿದರು. ಜೀಪಿನವರು ಇಳಿದು ಬಂದರು.

"ಗೇಟ್ ತಗಿ. ಅಂವನ ಕೂಡ ಮಾತಾಡೂದೈತಿ."

"ಒಳಗ ರೋಗಿ ಅದಾಳ್ರಿ. ಈಗ ತಗ್ಯಾಕ ಬರೂದಿಲ್ಲ."

"ನಾವು ಯಾರು ಗೊತ್ತೈತಿಲ್ಲೋ ನಿಂಗ?"

"ಗೊತ್ತೈತ್ರಿ. ಬಾಯಾರ ಚೀಟಿ ತರ್ರಿ, ತಗೀತೇನಿ."

ಮೂರು ಬೆರಳಿನ ಕೈಯಲ್ಲಿ ಕೊಂಡಿ ಹಿಡಿದು ನಿಂತರು. ಜೀಪಿನವರು ದನಿ ಏರಿಸಿದರು, ಹಾರ್ನ್ ಹೊಡೆದರು. ಗದ್ದಲಕ್ಕೆ ಡಾ. ನೀಲಾಂಬಿಕಾ ಹೊರಗೆ ಬಂದು ಗೇಟಿನವನ ಬಾಜು ನಿಂತರು. ಅವರ ಹಿಂದೆ ಕಸ್ತೂರೆವ್ವ, ಕೈಯಲ್ಲಿ ಸೌಟು ಹಿಡಿದ ಶರೀಫಸಾಬ. ಸ್ವಲ್ಪ ಹೊತ್ತಿನ ಮೇಲೆ ಜೀಪು ಹೊರಟುಹೋಯಿತು.

ಗುರವ್ವ ಅಂದು ಸಂಜೆ ವಂಕಿ ಹಾಕಿಸಿಕೊಂಡು ಊರಿಗೆ ಹೋದಳು. ಅದು ಅವಳೇ ಆರಿಸಿಕೊಂಡದ್ದು. ಗಂಡ ಮಣ್ಣಿನ ಕುಡಿಕೆಯನ್ನು ಎರಡು ಸಲ ತಿರುವಿ ನೋಡಿ, ಎದೆಗೆ ಹೋಗಲು ನಿಜವಾಗಿಯೂ ದಾರಿಯಿಲ್ಲವೆಂದು ಖಾತ್ರಿ ಮಾಡಿಕೊಂಡ.

ವಾರದೊಳಗೆ ಆಸ್ಪತ್ರೆಯ ಆಡಳಿತಕ್ಕೆ ಒಂದು ಕಾಗದ ಬಂತು. ಗೇಟಿನವನನ್ನು ತೆಗೆದುಹಾಕಬೇಕೆಂದು. ಆಡಳಿತದ ಹಿರಿಯರು ಯೋಚಿಸಿ, ತೆಗೆಯದೆ, ಒಂದು ತಿಂಗಳು ಗೇಟಿನ ಹತ್ತಿರ ಸುಳಿಯಬೇಡ ಎಂದು ಹಿಂದಿನ ಹಿತ್ತಲಿಗೆ ಹಾಕಿದರು. ಮಶಾಕಸಾಬ ಅಲ್ಲಿ ಬದನೆ ಸಸಿಗೆ ನೀರು ಹಾಯಿಸುತ್ತ ಇದ್ದರು. ಗಂಡಸರು ಅಲ್ಲಿಗೇ ಹುಡುಕಿಕೊಂಡು ಬಂದರು. ಬಂದವರು ಸುಮ್ಮನೆ ಕೂಡಬಾರದೆಂದು ಅವರ ಕೈಗೂ ಕಳೆ ಕೀಳುವ ಒಂದೊಂದು ಕುರ್ಪಿ ಕೊಟ್ಟರು. "ಆ ವರ್ಷದಂಥಾ ಬದನಿಕಾಯಿ ಮತ್ತ ಬೆಳೀಲೇ ಇಲ್ಲ," ಎನ್ನುತ್ತಾರೆ ಕಸ್ತೂರೆವ್ವ.

ಜೀಪು ಕೆಲವು ತಿಂಗಳಲ್ಲಿ ನಿಂತಿತು. ಆದರೆ ಅದರ ಅಂಜಿಕೆ ಮುಂದೆ ಎರಡು ವರ್ಷ ಉಳಿಯಿತು. ಕುಟುಂಬ ಯೋಜನೆ ಎಂಬ ಶಬ್ದ ಕೇಳಿದರೇ ಗಂಡಸರು ಎದ್ದು ಹೋಗುತ್ತಿದ್ದರು. ಮಶಾಕಸಾಬ ಆ ಶಬ್ದವನ್ನೇ ಬಿಟ್ಟು, ಮತ್ತೆ ಎತ್ತಿನಿಂದ, ಉಳ್ಳಾಗಡ್ಡಿಯಿಂದ, ಮಳೆಯಿಂದ ಮಾತು ಶುರು ಮಾಡಿದರು. ಹೋದ ನಂಬಿಕೆ ತಿರುಗಿ ಬಂದದ್ದು ಹಾಗೆ, ಒಬ್ಬೊಬ್ಬರಾಗಿ.

ಕಸ್ತೂರೆವ್ವನವರ ದಪ್ಪ ರಜಿಸ್ಟರು ಉಳಿದ ಕಥೆ ಹೇಳುತ್ತದೆ. ಮೊದಲ ವರ್ಷ ಗರ್ಭ ತೆಗೆಸಿಕೊಂಡ ಪ್ರತಿ ಐದು ಹೆಂಗಸರಲ್ಲಿ ಒಬ್ಬಳು ವರ್ಷದೊಳಗೆ ಅದಕ್ಕೇ ತಿರುಗಿ ಬಂದಿದ್ದಳು. ಹೋದ ವರ್ಷ, ಅಂದರೆ ೧೯೭೮ರಲ್ಲಿ, ಇನ್ನೂರ ನಲವತ್ತು ಹೆಂಗಸರು ಬಂದರು. ತಿರುಗಿ ಬಂದವರು ಒಂಬತ್ತು. ಹತ್ತು ಜೋಡಿಯಲ್ಲಿ ಏಳು ಏನಾದರೊಂದು ಉಪಾಯ ಆರಿಸಿಕೊಂಡು ಹೋಗುತ್ತವೆ. ಉಳಿದ ಮೂರು ವಿಚಾರ ಮಾಡುತ್ತೇವೆಂದು ಹೋಗುತ್ತವೆ. ಅವರನ್ನು ಯಾರೂ ಬೈಯುವುದಿಲ್ಲ. ಗಂಡನಿಲ್ಲದೆ ಒಬ್ಬಳೇ ಬಂದವಳನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಮಶಾಕಸಾಬ ಅವಳಿಗಾಗಿ ಗೇಟು ತೆಗೆಯುತ್ತಾರೆ, ಸಂಜೆ ಬಸ್ಸಿನಲ್ಲಿ ಒಳ್ಳೆಯ ಜಾಗ ಹಿಡಿದು ಕೊಡುತ್ತಾರೆ.

ಗುರವ್ವ ಒಂದೂವರೆ ವರ್ಷದ ಮೇಲೆ ವಂಕಿ ತೆಗೆಸಿದಳು. ಈ ಬೇಸಗೆಯಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿದೆ, ಇದೇ ಆಸ್ಪತ್ರೆಯಲ್ಲಿ, ಸುಸೂತ್ರವಾಗಿ. ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ಕೇಳಿದರೆ ಈರಬಸಪ್ಪ ಮೀಸೆಯಲ್ಲೇ ನಕ್ಕು ಹೆಂಡತಿಯ ಕಡೆ ನೋಡುತ್ತಾನೆ. ಗುರವ್ವ ತೊಡೆಯ ಮೇಲಿನ ಕೂಸಿನ ಕುಂಚಿಗೆ ಸರಿಮಾಡುತ್ತ ಹೇಳುತ್ತಾಳೆ: "ಹಾಕ್ರಿ. ಇದು ಬೇಕಂತ ಹಡದ ಕೂಸು ಅಂತ ಬರೀರಿ. ಆವತ್ತ ಯಾರೋ ಹಿಡಕೊಂಡು ಹೋಗಿ ಆಪರೇಶನ್ ಮಾಡಿದ್ರ ಇದೆಲ್ಲಿ ಹುಟ್ಟತಿತ್ತು? ಮುದುಕಿ ಕಡ್ಡಿ ಹಾಕಿದ್ರ ನಾನ ಎಲ್ಲಿ ಇರತಿದ್ದೆ?"

ಮಶಾಕಸಾಬರ ಮನೆಯಲ್ಲಿಯೂ ಈಗ ಸುಖವಿದೆ. ದೊಡ್ಡ ಮಗಳ ಲಗ್ನ ಹೋದ ವರ್ಷ ಆಯಿತು. ಲಗ್ನಕ್ಕೆ ಮೊದಲು ಜೈನಬಿ ಅಳಿಯನನ್ನು ಬೇರೆ ಕೂಡಿಸಿ, ಹೆಂಡತಿಯನ್ನ ಕೇಳದೆ ಏನೂ ಮಾಡಬ್ಯಾಡ ಎಂದು ಹೇಳಿದರಂತೆ. ಓಣಿಯ ನೇಕಾರ ಹೆಂಗಸರು ಏನಾದರೂ ಕೇಳುವುದಿದ್ದರೆ ಅವರ ಮಗ್ಗದ ಹತ್ತಿರ ಬಂದು ಕೂಡುತ್ತಾರೆ. "ಇವರು ಗಂಡಸರಿಗೆ ಹೇಳೂದಕ್ಕ ಆರು ವರ್ಷ ತಗೊಂಡ್ರು. ನಾ ಆರು ತಿಂಗಳದಾಗ ಓಣಿ ಮುಗಿಸೇನಿ," ಎಂದು ಜೈನಬಿ ಗಂಡನನ್ನು ಛೇಡಿಸುತ್ತಾರೆ.

ಕಳೆದ ತಿಂಗಳು ಆಸ್ಪತ್ರೆಯ ಆಡಳಿತ ಒಂದು ನಿರ್ಧಾರ ಮಾಡಿತು. ಮಶಾಕಸಾಬರು ಮಾಡುವ ಕೆಲಸವನ್ನು ದಾಖಲೆಯಲ್ಲಿ ಬರೆಯಬೇಕು, ಅದಕ್ಕೊಂದು ಹುದ್ದೆಯ ಹೆಸರು ಕೊಡಬೇಕು ಎಂದು. ಗುಮಾಸ್ತರು ಅವರನ್ನು ಕರೆದು, ಆಪ್ತ ಸಲಹೆಗಾರ ಎಂದು ಬರೆಯಲೇ, ಆರೋಗ್ಯ ಸಹಾಯಕ ಎಂದು ಬರೆಯಲೇ, ಬಿಲ್ಲೆ ಮಾಡಿಸಿ ಅಂಗಿಗೆ ಹಾಕಿಕೊಳ್ಳಬಹುದು ಎಂದರು. ಮಶಾಕಸಾಬ ಒಪ್ಪಲಿಲ್ಲ.

"ಗೇಟಿನವ ಅಂತನ ಇರ್ಲಿ ಬಿಡ್ರಿ," ಎಂದರು. "ಬಿಲ್ಲಿ ಹಾಕ್ಕೊಂಡು ಕುಂತ್ರ ನಾ ಸಾಹೇಬ ಆಗ್ತೇನಿ. ಸಾಹೇಬನ ಮುಂದ ಯಾಂವ ಬಾಯಿ ಬಿಡತಾನ್ರಿ? ಗೇಟಿನವನ ಮುಂದ ಯಾರೂ ನಾಚೂದಿಲ್ಲ. ಕೊಡೂದಿದ್ರ ಕುಂದ್ರಾಕ ಒಂದು ಬೆಂಚ್ ಕೊಡ್ರಿ. ಈಗೀಗ ಗಂಡಸರು ಭಾಳ ಮಂದಿ ಬರಾಕತ್ತ್ಯಾರ, ಎರಡು ಕಲ್ಲು ಸಾಲವಲ್ಲವು."